ಕೊಡುವವರಿದ್ದಾರೆ, ತೆಗೆದುಕೊಳ್ಳುವ ವ್ಯವಸ್ಥೆ ಎಲ್ಲಿದೆ?

ಹೋದ ಮಳೆಗಾಲದಲ್ಲಿ ನಮ್ಮ ಊರಿನ ಗಿರಣಿ ಕೇರಿಯಲ್ಲಿ ಹತ್ತು ತಿಂಗಳ ಗಂಡುಕೂಸೊಂದು ತೀರಿಕೊಂಡಿತು. ತಂದೆ ನೂಲಿನ ಗಿರಣಿಯಲ್ಲಿ ಗುತ್ತಿಗೆಯ ಕೂಲಿ. ತಾಯಿ ಮನೆಯಲ್ಲಿ ಬೀಡಿ ಕಟ್ಟುವವಳು. ಹುಟ್ಟಿ ಒಂದು ತಿಂಗಳಾದರೂ ಮಗುವಿನ ಕಣ್ಣಿನ ಹಳದಿ ಹೋಗಲಿಲ್ಲ. ಎಳೆಗೂಸಿಗೆ ಕಾಮಾಲೆ ಸಹಜ, ಬೆಳಗಿನ ಬಿಸಿಲಿಗೆ ಹಿಡಿಯಿರಿ ಎಂದವರು ಕೆಲವರು. ನಾಟಿ ಔಷಧಿ ಆಯಿತು, ತಾಯಿತ ಆಯಿತು. ಹೊಟ್ಟೆ ಉಬ್ಬತೊಡಗಿದ ಮೇಲೆ ಬೆಂಗಳೂರಿಗೆ ಕೊಂಡೊಯ್ದರು. ಪಿತ್ತರಸ ಹರಿಯುವ ನಾಳ ಹುಟ್ಟಿನಿಂದಲೇ ಮುಚ್ಚಿಹೋಗಿದೆ, ಯಕೃತ್ತು ಗಡಸಾಗಿ ಕೆಟ್ಟಿದೆ, ಬೇರೊಂದು ಯಕೃತ್ತು ಜೋಡಿಸದೆ ಮಗು ಉಳಿಯದು ಎಂದು ಅಲ್ಲಿ ತಿಳಿಯಿತು.

ತಾಯಿಯ ರಕ್ತದ ಗುಂಪು ಹೊಂದಿತು. ತನ್ನ ಯಕೃತ್ತಿನ ಒಂದು ತುಂಡು ಕೊಡಲು ಆಕೆ ನಿಂತ ಕಾಲಲ್ಲೇ ಒಪ್ಪಿದಳು. ಖರ್ಚಿನ ಅಂದಾಜು ಇಪ್ಪತ್ತು ಲಕ್ಷದ ಆಸುಪಾಸು. ತಂದೆ ಗುತ್ತಿಗೆ ಕೂಲಿ, ಅವನಿಗೆ ಇ.ಎಸ್.ಐ. ಇಲ್ಲ. ಸರ್ಕಾರದ ನೆರವಿಗೆ ರೇಷನ್ ಕಾರ್ಡು ಬೇಕು. ಕಾರ್ಡು ಅಣ್ಣನ ಹೆಸರಿನಲ್ಲಿ, ಇವರ ಹೆಸರು ಅದಕ್ಕೆ ಸೇರಿರಲಿಲ್ಲ. ಪೇಟೆಯ ಅಂಗಡಿಯವರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಡಬ್ಬಿಯಿಟ್ಟು ಚಂದಾ ಎತ್ತಿದರು. ಗಿರಣಿಯ ಎರಡು ಪಾಳಿಯವರು ಒಂದೊಂದು ದಿನದ ಕೂಲಿ ಕೊಟ್ಟರು. ಎರಡು ಲಕ್ಷ ಚಿಲ್ಲರೆ ಕೂಡಿತು. ಅಷ್ಟರಲ್ಲಿ ಮಗು ಹೋಯಿತು.

ಮಾತನಾಡಿಸಲು ಹೋದ ನನ್ನನ್ನು ನೋಡಿ ಆ ತಾಯಿ ಅಂದಳು: "ಕೊಡಾಕೆ ನಾನಿದ್ದೆ ಮೇಷ್ಟ್ರೇ, ತಗಳಾಕೇ ಯಾರೂ ಇರಲಿಲ್ಲ."

ದೇಶದಲ್ಲಿ ಅಂಗಾಂಗಗಳ ಕೊರತೆಯಿದೆ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ, ಭಾಷಣಗಳಲ್ಲಿ ಕೇಳುತ್ತೇವೆ. ಜನರಲ್ಲಿ ದಾನಬುದ್ಧಿ ಸಾಲದು ಎಂದು ದೊಡ್ಡವರು ನಮಗೆ ಉಪದೇಶ ಮಾಡುತ್ತಾರೆ. ಆದರೆ ಇಲ್ಲಿ ಕೊಡುವವಳು ಇದ್ದಳು. ಹಾಗಾದರೆ ಕೊರತೆ ಯಾವುದರದು? ನಾನು ವೈದ್ಯನಲ್ಲ. ಅಂದಿನಿಂದ ಈ ವಿಷಯವಾಗಿ ಸಿಕ್ಕಿದ್ದನ್ನು ಓದಿದ್ದೇನೆ, ಬಲ್ಲ ವೈದ್ಯರನ್ನು ಕೇಳಿದ್ದೇನೆ. ತಿಳಿದದ್ದನ್ನು ಓದುಗರ ಮುಂದಿಡುತ್ತೇನೆ. ಸರಿಯೋ ತಪ್ಪೋ ನೀವೇ ತೂಗಿ ನೋಡಿ.

ಎಂಟು ಮನೆಗಳ ವಠಾರ

ಯಕೃತ್ತು ಎಂದರೆ ನಾವು ಆಡುಮಾತಿನಲ್ಲಿ ಲಿವರ್ ಎನ್ನುವ ಅಂಗ. ಬಲಗಡೆ ಪಕ್ಕೆಲುಬಿನ ಅಡಿಯಲ್ಲಿದ್ದು, ದೊಡ್ಡವರಲ್ಲಿ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ ತೂಗುತ್ತದೆ. ಉಂಡ ಅನ್ನದ ಸಾರವನ್ನು ಹದಮಾಡುವುದು, ರಕ್ತದಲ್ಲಿನ ವಿಷ ತೆಗೆಯುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಪದಾರ್ಥಗಳನ್ನು ತಯಾರಿಸುವುದು, ಎಲ್ಲ ಇದರದೇ ದುಡಿಮೆ. ಮೂತ್ರಪಿಂಡ ಕೆಟ್ಟವರಿಗೆ ಡಯಾಲಿಸಿಸ್ ಯಂತ್ರವಾದರೂ ಇದೆ, ವರ್ಷಗಟ್ಟಲೆ ಬದುಕಬಹುದು. ಯಕೃತ್ತು ಪೂರಾ ಕೆಟ್ಟವನಿಗೆ ಹಾಗೆ ವರ್ಷಗಟ್ಟಲೆ ಆಸರೆಯಾಗುವ ಯಂತ್ರ ಇಲ್ಲ. ಬೇರೊಬ್ಬರ ಯಕೃತ್ತೇ ಬೇಕು.

ಇಂಥ ಜೋಡಣೆಯನ್ನು ಮನುಷ್ಯನ ಮೇಲೆ ಮೊದಲು ಮಾಡಿದವರು ಅಮೆರಿಕದ ಡೆನ್ವರಿನಲ್ಲಿ ಥಾಮಸ್ ಸ್ಟಾರ್ಝಲ್, 1963ರ ಮಾರ್ಚಿಯಲ್ಲಿ. ಮೂರು ವರ್ಷದ ಆ ರೋಗಿ ಮೇಜಿನ ಮೇಲೆಯೇ ತೀರಿಕೊಂಡಿತು. ಸೋತರೂ ಬಿಡದೆ, 1967ರಲ್ಲಿ ಒಂದು ಮಗುವನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿಸಿದರು. ಆದರೂ ಪರರ ಅಂಗವನ್ನು ದೇಹ ಒಪ್ಪದೆ ಹೊರದೂಡುತ್ತಿತ್ತು. ಮಣ್ಣಿನಲ್ಲಿ ಸಿಕ್ಕ ಒಂದು ಬೂಷ್ಟಿನಿಂದ ತೆಗೆದ ಸೈಕ್ಲೊಸ್ಪೊರಿನ್ ಎಂಬ ಔಷಧಿಯನ್ನು ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ರಾಯ್ ಕಾಲ್ನ್ 1978ರಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. 1983ರಲ್ಲಿ ಅಮೆರಿಕದ ಸರ್ಕಾರ ಅದಕ್ಕೆ ಅನುಮತಿ ಕೊಟ್ಟ ಮೇಲೆ ಈ ಚಿಕಿತ್ಸೆ ಪ್ರಯೋಗದ ಹಂತ ದಾಟಿ ಆಸ್ಪತ್ರೆಗಳ ನಿತ್ಯದ ಕೆಲಸವಾಯಿತು.

ಆಗ ಎದುರಾದದ್ದು ಅಳತೆಯ ತೊಂದರೆ. ಸತ್ತು ದಾನ ಮಾಡುವವರು ಬಹುಪಾಲು ದೊಡ್ಡವರು. ಅವರ ಯಕೃತ್ತು ಮಗುವಿನ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ. ಮಗು ಬದುಕಬೇಕಾದರೆ ಅದೇ ಅಳತೆಯ ಇನ್ನೊಂದು ಮಗು ಸಾಯಬೇಕು ಎಂಬ ಸ್ಥಿತಿ. ಕಾಯುತ್ತ ಕಾಯುತ್ತ ಸತ್ತ ಮಕ್ಕಳು ಬಹಳ.

ಇದಕ್ಕೆ ದಾರಿ ತೋರಿಸಿದ್ದು ಫ್ರಾನ್ಸಿನ ಕ್ಲೋಡ್ ಕ್ವಿನೊ ಎಂಬ ಶಸ್ತ್ರವೈದ್ಯ 1957ರಲ್ಲಿ ಪ್ರಕಟಿಸಿದ ಗ್ರಂಥ. ಹೊರಗೆ ಒಂದೇ ಮುದ್ದೆಯಂತೆ ಕಾಣುವ ಯಕೃತ್ತಿನಲ್ಲಿ ಎಂಟು ಭಾಗಗಳಿವೆ, ಒಂದೊಂದು ಭಾಗಕ್ಕೂ ರಕ್ತ ಬರುವ ದಾರಿ ಬೇರೆ, ಪಿತ್ತರಸ ಹೋಗುವ ದಾರಿ ಬೇರೆ ಎಂದು ಆತ ತೋರಿಸಿಕೊಟ್ಟ. ನಮ್ಮ ಕೇರಿಯ ವಠಾರವನ್ನು ನೆನೆದುಕೊಳ್ಳಿ: ಸಾಲಿಗೆ ಎಂಟು ಮನೆ, ಮನೆಮನೆಗೂ ಬೇರೆ ನಲ್ಲಿ, ಬೇರೆ ಚರಂಡಿ. ನಡುಗೋಡೆ ನೋಡಿಕೊಂಡು ಎರಡು ಮನೆ ಬಿಡಿಸಿದರೆ ಉಳಿದ ಆರು ಮನೆಗೆ ನೀರು ನಿಲ್ಲುವುದಿಲ್ಲ. ಯಕೃತ್ತನ್ನು ಕುಯ್ಯುವ ವಿದ್ಯೆಯ ತಳಹದಿ ಇಷ್ಟೆ.

ಈ ತಳಹದಿಯ ಮೇಲೆ 1984ರಲ್ಲಿ ಪ್ಯಾರಿಸಿನ ಆನ್ರಿ ಬಿಸ್ಮಿತ್ ಸತ್ತ ದೊಡ್ಡವರ ಯಕೃತ್ತನ್ನು ಕುಯ್ದು ಚಿಕ್ಕದು ಮಾಡಿ ಮಗುವಿಗೆ ಜೋಡಿಸಿದರು. ಆದರೆ ಉಳಿದ ತುಂಡು ವ್ಯರ್ಥವಾಗುತ್ತಿತ್ತು. 1988ರಲ್ಲಿ ಜರ್ಮನಿಯ ಹ್ಯಾನೋವರಿನಲ್ಲಿ ರುಡಾಲ್ಫ್ ಪಿಕ್ಲ್‌ಮಾಯರ್ ಒಂದೇ ಯಕೃತ್ತನ್ನು ಎರಡು ಮಾಡಿ, ಸಣ್ಣ ಪಾಲನ್ನು ಮಗುವಿಗೂ ದೊಡ್ಡ ಪಾಲನ್ನು ದೊಡ್ಡವರಿಗೂ ಜೋಡಿಸಿದರು. ಒಬ್ಬರ ಸಾವಿನಿಂದ ಇಬ್ಬರ ಬದುಕು. ಇಟಲಿ ದೇಶವಂತೂ 2015ರಲ್ಲಿ ಇದನ್ನು ನಿಯಮವನ್ನೇ ಮಾಡಿತು: 18ರಿಂದ 50 ವಯಸ್ಸಿನ ದಾನಿಯ ಒಳ್ಳೆಯ ಯಕೃತ್ತು ಬಂದರೆ, ಅದನ್ನು ಸೀಳಿ ಮಗುವಿಗೆ ಪಾಲು ಕೊಡಲು ಆಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ಸತ್ತವರದನ್ನು ಸೀಳಬಹುದಾದರೆ ಬದುಕಿರುವವರಿಂದ ಒಂದು ಪಾಲು ಏಕೆ ತೆಗೆಯಬಾರದು ಎಂಬ ಪ್ರಶ್ನೆ ಸಹಜವಾಗಿ ಬಂತು. 1988ರ ಕೊನೆಯಲ್ಲಿ ಬ್ರೆಜಿಲಿನ ಸಾವೊ ಪಾಲೊದಲ್ಲಿ ಸಿಲ್ವಾನೊ ರಾಯಾ ಮಾಡಿದ ಮೊದಲ ಯತ್ನದಲ್ಲಿ ಮಗು ಉಳಿಯಲಿಲ್ಲ. 1989ರ ಜುಲೈಯಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ರಸೆಲ್ ಸ್ಟ್ರಾಂಗ್, ಜಪಾನಿನಿಂದ ಬಂದ ಒಬ್ಬ ತಾಯಿಯ ಯಕೃತ್ತಿನ ಪಾಲನ್ನು ಅವಳ ಮಗನಿಗೆ ಜೋಡಿಸಿ ಗೆದ್ದರು. ಮಗುವಿಗೆ ಎಡಬದಿಯ ಚಿಕ್ಕ ತುಂಡು ಸಾಕು; ಅದು ಇಡೀ ಯಕೃತ್ತಿನ ನಾಲ್ಕನೆಯ ಒಂದು ಪಾಲಿಗಿಂತ ಕಡಿಮೆ. ದೊಡ್ಡವರಿಗೆ ಅಷ್ಟು ಸಾಲದು. ಪಡೆಯುವವನ ಮೈತೂಕದ ನೂರಕ್ಕೆ 0.8ರಷ್ಟಾದರೂ ಇರಬೇಕೆಂಬುದು ವೈದ್ಯರ ಲೆಕ್ಕ. ಅರವತ್ತು ಕಿಲೋ ಮನುಷ್ಯನಿಗೆ 480 ಗ್ರಾಂ. ಆದ್ದರಿಂದ ದೊಡ್ಡವರಿಗಾಗಿ ಬಲಬದಿಯ ದೊಡ್ಡ ಪಾಲನ್ನೇ ತೆಗೆಯುವ ಕ್ರಮವನ್ನು 1996ರಲ್ಲಿ ಹಾಂಗ್‌ಕಾಂಗಿನ ಶಸ್ತ್ರವೈದ್ಯರು ರೂಢಿಗೆ ತಂದರು. ಕೊಟ್ಟವರಲ್ಲಿ ಸುಮಾರು ಮೂರನೆಯ ಒಂದು ಪಾಲಾದರೂ ಉಳಿಯಬೇಕು. ಉಳಿದದ್ದು ಕೆಲವೇ ತಿಂಗಳಲ್ಲಿ ಬೆಳೆದು ಹೆಚ್ಚುಕಡಮೆ ಹಿಂದಿನ ಗಾತ್ರಕ್ಕೆ ಬರುತ್ತದೆ. ಜೋಡಿಸಿದ ತುಂಡೂ ಬೆಳೆಯುತ್ತದೆ. ಕುಯ್ದರೆ ಮತ್ತೆ ಚಿಗುರುವ ಸೊಪ್ಪಿನ ಮಡಿಯಂತೆ ಈ ಅಂಗ.

ನಮ್ಮ ದೇಶದಲ್ಲಿ ಇಂಥ ಮೊದಲ ಯಶಸ್ಸು 1998ರ ನವೆಂಬರಿನಲ್ಲಿ ದೆಹಲಿಯಲ್ಲಿ ಸಿಕ್ಕಿತು. ತಮಿಳುನಾಡಿನ ಇಪ್ಪತ್ತು ತಿಂಗಳ ಮಗುವಿಗೆ ತಂದೆ ತನ್ನ ಪಾಲು ಕೊಟ್ಟ. ಆ ಮಗು ಬೆಳೆದು ಈಗ ವೈದ್ಯನಾಗಿದ್ದಾನೆ. ನಮ್ಮ ಗಿರಣಿ ಕೇರಿಯ ಕೂಸಿಗೆ ಇದ್ದದ್ದೂ ಅದೇ ಕಾಯಿಲೆ. ವಿದ್ಯೆ ಇದೆ, ವಿದ್ಯಾವಂತರು ಇದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಯಾರ ಮೈಯಿಂದ?

ವಿದ್ಯೆ ಬೆಳೆದದ್ದು ಸಂತೋಷ. ಆದರೆ ಅದರ ಭಾರ ಯಾರ ಮೈಮೇಲೆ ಬಿದ್ದಿದೆ ಎಂಬುದನ್ನೂ ನೋಡಬೇಕು. 2022ರಲ್ಲಿ ಭಾರತದಲ್ಲಿ 3,718 ಯಕೃತ್ತು ಜೋಡಣೆಗಳಾದವು. ಅವುಗಳಲ್ಲಿ 2,957 ಬದುಕಿರುವವರು ಕೊಟ್ಟದ್ದು, ಸತ್ತವರಿಂದ ಬಂದದ್ದು 761 ಮಾತ್ರ. ಐದರಲ್ಲಿ ನಾಲ್ಕು ಪಾಲು ಜೀವಂತ ಮೈಯಿಂದ ಕುಯ್ದದ್ದು. ಅಮೆರಿಕದಲ್ಲಿ ಜೀವಂತ ದಾನ ಹತ್ತರಲ್ಲಿ ಒಂದಕ್ಕೂ ಕಡಿಮೆ. ಜಪಾನಿನಲ್ಲಿ ನಮ್ಮ ಹಾಗೆಯೇ ಜೀವಂತ ದಾನವೇ ಹೆಚ್ಚು. ಅದಕ್ಕೊಂದು ಕಾರಣ ಉಂಟು. 1968ರಲ್ಲಿ ಅಲ್ಲಿ ನಡೆದ ಒಂದು ಹೃದಯ ಜೋಡಣೆಯಲ್ಲಿ ದಾನಿ ನಿಜವಾಗಿ ಸತ್ತಿದ್ದನೇ ಎಂಬ ಅನುಮಾನ ಎದ್ದು, ಜನರ ನಂಬಿಕೆ ಮುರಿದು, ಮಿದುಳು ಸತ್ತವರಿಂದ ಅಂಗ ಪಡೆಯುವ ಕಾನೂನು ಬರಲು 1997ರವರೆಗೆ ಕಾಯಬೇಕಾಯಿತು. ಒಮ್ಮೆ ಕಳೆದ ನಂಬಿಕೆ ಎಷ್ಟು ತುಟ್ಟಿ ಎಂಬುದಕ್ಕೆ ಇದು ಪಾಠ. ನಮ್ಮಲ್ಲಿ ಕಾನೂನು 1994ರಲ್ಲೇ ಬಂದಿದೆ. ಆದರೂ ನಾವು ಬದುಕಿರುವವರ ಮೈಯನ್ನೇ ಕುಯ್ಯುತ್ತಿದ್ದೇವೆ.

ಜೀವಂತ ದಾನ ಹೂವಿನ ಹಾಸಿಗೆಯಲ್ಲ. ಮಗುವಿಗೆ ಚಿಕ್ಕ ತುಂಡು ಕೊಡುವವರಲ್ಲಿ ಸಾವಿರಕ್ಕೆ ಒಬ್ಬರಷ್ಟು, ಬಲಬದಿಯ ದೊಡ್ಡ ಪಾಲು ಕೊಡುವವರಲ್ಲಿ ಸಾವಿರಕ್ಕೆ ಎರಡರಿಂದ ಐದು ಮಂದಿ ಪ್ರಾಣ ಕಳೆದುಕೊಳ್ಳುವ ಅಪಾಯವಿದೆಯೆಂದು ವೈದ್ಯರೇ ಹೇಳುತ್ತಾರೆ. 2002ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ತಮ್ಮನಿಗೆ ಪಾಲು ಕೊಟ್ಟ ಅಣ್ಣ ಮೂರೇ ದಿನದಲ್ಲಿ ತೀರಿಕೊಂಡ. ದೇಶವೇ ಬೆಚ್ಚಿತು, ಆ ಆಸ್ಪತ್ರೆಯಲ್ಲಿ ಆ ಕೆಲಸ ಕೆಲಕಾಲ ನಿಂತಿತು. ರೋಗವಿಲ್ಲದವನನ್ನು ಮೇಜಿನ ಮೇಲೆ ಮಲಗಿಸುವುದು ವೈದ್ಯವೃತ್ತಿಯಲ್ಲೇ ಬೇರೆ ಜಾತಿಯ ಕೆಲಸ.

ನಮ್ಮಲ್ಲಿ ಹೀಗೆ ಮಲಗುವವರು ಯಾರು? ಬದುಕಿದ್ದು ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಹೆಂಡತಿ ಗಂಡನಿಗೆ ಕೊಡುತ್ತಾಳೆ, ತಾಯಿ ಮಗನಿಗೆ ಕೊಡುತ್ತಾಳೆ. ಹೆಂಡತಿಗೆ ಬೇಕಾದಾಗ ಗಂಡ ದುಡಿಯುವ ಆಳು, ಅವನನ್ನು ಕುಯ್ಯುವುದು ಹೇಗೆ ಎನ್ನುತ್ತಾರೆ. ಬೀಡಿ ಕಟ್ಟುವುದು, ನೀರು ಹೊರುವುದು, ಅಡಿಗೆ, ಕೂಸು, ಇವು ದುಡಿಮೆಯಲ್ಲವೇ? ತಾಯಿ ಪ್ರೀತಿಯಿಂದ ಕೊಡುವುದನ್ನು ನಾನು ಹಗುರಮಾಡುತ್ತಿಲ್ಲ. ಬೇರೆ ದಾರಿ ಇಲ್ಲದೆ ಕೊಡುವುದನ್ನೂ ತ್ಯಾಗವೆಂದು ಹೊಗಳಿ ಸುಮ್ಮನಾಗುವ ಸಮಾಜವನ್ನು ಪ್ರಶ್ನಿಸುತ್ತಿದ್ದೇನೆ.

ಇನ್ನು ಕೊಟ್ಟವರ ಹೊಟ್ಟೆಯ ಮಾತು. ಕೇಂದ್ರ ಸರ್ಕಾರದ ನೌಕರ ಅಂಗದಾನ ಮಾಡಿದರೆ 42 ದಿನದ ವಿಶೇಷ ರಜೆ ಸಿಗುತ್ತದೆಂದು 2023ರಲ್ಲಿ ಆಜ್ಞೆಯಾಯಿತು. ಒಳ್ಳೆಯದೇ. ಗಿರಣಿಯ ಗುತ್ತಿಗೆ ಕೂಲಿಗೆ? ಹಮಾಲನಿಗೆ? ದಿನವೂ ಅಂಗಡಿ ತೆರೆದರೆ ಮಾತ್ರ ಒಲೆ ಹಚ್ಚುವ ಸಣ್ಣ ವ್ಯಾಪಾರಿಗೆ? ಎರಡು ಮೂರು ತಿಂಗಳು ಭಾರ ಎತ್ತಬೇಡ ಎಂದು ವೈದ್ಯರು ಚೀಟಿ ಬರೆಯುತ್ತಾರೆ. ಆ ಚೀಟಿಗೆ ಕೂಲಿ ಕೊಡುವವರು ಯಾರು?

ಸುಮ್ಮನೆ ಮಣ್ಣಾಗುವ ಅಂಗಗಳು

ಬದುಕಿರುವವರನ್ನು ಕುಯ್ಯುವುದು ಇಷ್ಟೊಂದು ಏಕೆ ಬೇಕಾಯಿತು? ಸತ್ತವರಿಂದ ಪಡೆಯುವ ವ್ಯವಸ್ಥೆಯನ್ನು ನಾವು ಕಟ್ಟಲಿಲ್ಲ, ಅದಕ್ಕೆ.

ತಲೆಗೆ ಪೆಟ್ಟು ಬಿದ್ದೋ ಮಿದುಳಿನಲ್ಲಿ ರಕ್ತಸ್ರಾವವಾಗಿಯೋ ಮಿದುಳು ಪೂರ್ಣ ಸತ್ತರೂ, ಉಸಿರಾಟದ ಯಂತ್ರದ ಬಲದಿಂದ ಎದೆ ಕೆಲಕಾಲ ಬಡಿಯುತ್ತಿರುತ್ತದೆ. ಅಂಥವನು ಮರಳುವುದಿಲ್ಲ. ಆದರೆ ಅವನ ಯಕೃತ್ತು, ಮೂತ್ರಪಿಂಡ, ಹೃದಯಗಳು ಆ ಕೆಲವು ಗಂಟೆಗಳ ಮಟ್ಟಿಗೆ ಚೆನ್ನಾಗಿರುತ್ತವೆ. ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಹಾಕಿದ ಮೇಲೆ ಮಾತ್ರ, ಮನೆಯವರು ಒಪ್ಪಿದರೆ ಮಾತ್ರ, ಅವುಗಳನ್ನು ತೆಗೆಯಬಹುದು. ತೆಗೆದ ಯಕೃತ್ತನ್ನು ಮಂಜುಗಡ್ಡೆಯಲ್ಲಿಟ್ಟರೂ ಸುಮಾರು ಹನ್ನೆರಡು ಗಂಟೆಯೊಳಗೆ ಜೋಡಿಸಬೇಕು.

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದೇ ವರ್ಷ ಸತ್ತ ಮೇಲೆ ಅಂಗ ಕೊಟ್ಟವರು ಇಡೀ ದೇಶದಲ್ಲಿ 904. ಮರುವರ್ಷ ಆ ಸಂಖ್ಯೆ ಮೊದಲ ಸಲ ಸಾವಿರ ದಾಟಿ 1,099 ಆಯಿತು. ರಸ್ತೆಯಲ್ಲೇ ಪ್ರಾಣ ಬಿಟ್ಟವರು ಅಂಗದಾನಿಗಳಾಗಲಾರರು, ನಿಜ. ಆಸ್ಪತ್ರೆ ಮುಟ್ಟಿ, ಯಂತ್ರದ ಮೇಲಿದ್ದು, ಮಿದುಳು ಸತ್ತವರ ಪೈಕಿ ಮಾತ್ರ ಲೆಕ್ಕ. ಆದರೂ ಈ ಎರಡು ಸಂಖ್ಯೆಗಳ ನಡುವಿನ ಕಂದಕವನ್ನು ನೋಡಿ.

ಎರಡು ವರ್ಷದ ಹಿಂದೆ ನನ್ನ ಪರಿಚಯದ ಒಬ್ಬ ದರ್ಜಿಯ ತಮ್ಮ ಬೈಕಿನಿಂದ ಬಿದ್ದು ಒಂದು ಆಸ್ಪತ್ರೆಯಲ್ಲಿ ಯಂತ್ರದ ಮೇಲಿದ್ದ. ಇನ್ನು ಆಸೆಯಿಲ್ಲ ಎಂದರು. ಅಣ್ಣ ತಾನಾಗಿ ಕೇಳಿದ: "ಅವನ ಅಂಗಗಳು ಯಾರಿಗಾದರೂ ಆಗ್ತಾವಾ ಸಾರ್?" ಸಿಕ್ಕ ಉತ್ತರ: "ಅದೆಲ್ಲ ಬೆಂಗಳೂರಿನಲ್ಲಪ್ಪ, ಇಲ್ಲಿ ಆಗಲ್ಲ." ಮಾರನೆಯ ದಿನ ಇಪ್ಪತ್ತಾರು ವರ್ಷದ ಗಟ್ಟಿಮುಟ್ಟಾದ ದೇಹ ಮಣ್ಣಿಗೆ ಹೋಯಿತು. ಯಕೃತ್ತು ಚೆನ್ನಾಗಿದ್ದು ಸೀಳಲು ಬಂದಿದ್ದರೆ ಅದರಿಂದಲೇ ಒಂದು ಮಗು, ಒಬ್ಬ ದೊಡ್ಡವರು ಬದುಕಬಹುದಾಗಿತ್ತು. ದಾನಬುದ್ಧಿ ಇಲ್ಲದಿದ್ದವರು ಇಲ್ಲಿ ಯಾರು?

"ಇಲ್ಲಿ ಆಗಲ್ಲ" ಎಂಬುದಕ್ಕೆ ಕಾನೂನಿನ ಆಧಾರವೂ ಇಲ್ಲ. 2011ರ ತಿದ್ದುಪಡಿಯ ಪ್ರಕಾರ, ಅಂಗ ಜೋಡಿಸುವ ಸೌಲಭ್ಯವಿಲ್ಲದ ಆಸ್ಪತ್ರೆಯೂ ಅಂಗ ತೆಗೆಯುವ ಕೇಂದ್ರವಾಗಿ ನೋಂದಣಿ ಮಾಡಿಸಿಕೊಳ್ಳಬಹುದು. ಮಿದುಳಿನ ತಜ್ಞರು ಸಿಗದ ಕಡೆ ಸರ್ಕಾರದ ಪಟ್ಟಿಯಲ್ಲಿರುವ ಶಸ್ತ್ರವೈದ್ಯರೋ ಸಾಮಾನ್ಯ ತಜ್ಞವೈದ್ಯರೋ ಅರಿವಳಿಕೆ ತಜ್ಞರೋ ಆ ನಾಲ್ವರಲ್ಲಿ ಒಬ್ಬರಾಗಿ ಸಹಿ ಹಾಕಬಹುದು. ಮನೆಯವರಿಗೆ ಅಂಗದಾನದ ವಿಷಯ ತಿಳಿಸಿ ಕೇಳುವುದು ನೋಂದಾಯಿತ ಆಸ್ಪತ್ರೆಯ ವೈದ್ಯರ ಕರ್ತವ್ಯವೆಂದೇ ಅದರಲ್ಲಿ ಬರೆದಿದೆ. ಪುಸ್ತಕದಲ್ಲಿ ಎಲ್ಲ ಇದೆ. ಊರಿನಲ್ಲಿ ಇಲ್ಲ.

ನಮ್ಮ ರಾಜ್ಯ ಪೂರ್ಣ ಹಿಂದೆ ಬಿದ್ದಿದೆ ಎಂದರೆ ಅನ್ಯಾಯವಾದೀತು. 'ಜೀವಸಾರ್ಥಕತೆ' ಎಂಬ ಸರ್ಕಾರಿ ಸಂಸ್ಥೆ ಕಾಯುವವರ ಪಟ್ಟಿಯಿಟ್ಟು ಸರದಿಯಂತೆ ಅಂಗ ಹಂಚುವ ಕೆಲಸ ಮಾಡುತ್ತಿದೆ. 2021ರ ಜೂನಿನಲ್ಲಿ ನಟ ಸಂಚಾರಿ ವಿಜಯ್ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ, ಅವರ ಮನೆಯವರು ದುಃಖದ ನಡುವೆಯೂ ಅಂಗದಾನಕ್ಕೆ ಒಪ್ಪಿದ್ದು ನಾಡಿನ ಮನೆಮನೆಗೂ ಗೊತ್ತು. 2023ರಲ್ಲಿ ಕರ್ನಾಟಕದಲ್ಲಿ ಹೀಗೆ 178 ಜನರ ಅಂಗಗಳು ದಾನವಾದವು; ದೇಶದಲ್ಲಿ ಮುಂದಿನ ಸಾಲಿನ ರಾಜ್ಯಗಳಲ್ಲಿ ನಮ್ಮದೂ ಒಂದು. ಆದರೂ ಹತ್ತು ಲಕ್ಷ ಜನಕ್ಕೆ ಮೂವರೂ ಆಗಲಿಲ್ಲ.

ಸ್ಪೇನ್ ದೇಶದಲ್ಲಿ ಅದೇ 2023ರಲ್ಲಿ ಹತ್ತು ಲಕ್ಷಕ್ಕೆ ಸುಮಾರು 49 ದಾನಿಗಳು. ಸ್ಪೇನಿನವರು ನಮಗಿಂತ ಪುಣ್ಯವಂತರೇ? ಅಲ್ಲ. 1979ರಲ್ಲೇ ಅಲ್ಲಿ ಉದಾರವಾದ ಕಾನೂನು ಬಂದಿತ್ತು. ಆದರೂ ಹತ್ತು ವರ್ಷದ ಮೇಲೆ, 1989ರಲ್ಲಿ, ಹತ್ತು ಲಕ್ಷಕ್ಕೆ 14 ದಾನಿಗಳಷ್ಟೇ. ಆ ವರ್ಷ ರಫಾಯೆಲ್ ಮತೆಸಾನ್ಸ್ ಎಂಬ ವೈದ್ಯರ ಮುಂದಾಳುತನದಲ್ಲಿ ರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಿದರು. ಆಸ್ಪತ್ರೆ ಆಸ್ಪತ್ರೆಗೂ ಒಬ್ಬ ಸಂಯೋಜಕನನ್ನು ನೇಮಿಸಿದರು. ಬಹುತೇಕ ಅವನು ಐ.ಸಿ.ಯು.ನಲ್ಲೇ ದುಡಿಯುವ ವೈದ್ಯ. ಮಿದುಳು ಸತ್ತ ರೋಗಿಯನ್ನು ಗುರುತಿಸುವುದು, ಮನೆಯವರ ಪಕ್ಕದಲ್ಲಿ ಕೂತು ಸಮಾಧಾನದಿಂದ ಮಾತನಾಡುವುದು ಅವನ ಹೊಣೆ. ಇನ್ನೂ ಮುಖ್ಯವಾದದ್ದು, ಅಲ್ಲಿ ಚಿಕಿತ್ಸೆ ಸಾರ್ವಜನಿಕ. ಅಂಗ ಪಡೆಯುವವನು ದುಡ್ಡು ಎಣಿಸಬೇಕಾಗಿಲ್ಲ. ಇಂದು ಕೊಡುವವನಿಗೆ ನಾಳೆ ತನ್ನ ಮಗುವಿಗೂ ಸಿಕ್ಕೀತೆಂಬ ಭರವಸೆಯಿದೆ. ಆ ಭರವಸೆಯೇ ದಾನದ ಬೇರು.

ದಾನ ಬಡವನದು, ಬದುಕು ಯಾರದು?

ನಮ್ಮಲ್ಲಿ ಆ ಭರವಸೆ ಎಲ್ಲಿದೆ? ಬೈಕಿನಿಂದ ಬಿದ್ದು, ಲಾರಿಗೆ ಸಿಕ್ಕು, ಕಟ್ಟಡದ ಮೇಲಿಂದ ಜಾರಿ ತಲೆಯೊಡೆದುಕೊಳ್ಳುವವರಲ್ಲಿ ನಮ್ಮಂಥವರೇ ಹೆಚ್ಚು. ಜೋಡಿಸುವ ಆಸ್ಪತ್ರೆಗಳಲ್ಲಿ ಹೆಚ್ಚಿನವು ಖಾಸಗಿಯವು, ಬಿಲ್ಲು ಇಪ್ಪತ್ತು ಲಕ್ಷಕ್ಕೂ ಮೇಲೆ. ಆಮೇಲೆ ಬದುಕಿರುವವರೆಗೂ ಔಷಧಿ. ಬಡವನ ಯಕೃತ್ತು ಸರದಿಯಂತೆಯೇ ಹೋಗುತ್ತದೆ ಎನ್ನೋಣ. ಆದರೆ ಸರದಿಯಲ್ಲಿ ನಿಲ್ಲಲೇ ಲಕ್ಷಗಟ್ಟಲೆ ಬೇಕಾದರೆ ಆ ಸರದಿ ಯಾರದು? ಬಡವ ಕೊಡಲಿಕ್ಕೆ ಮಾತ್ರ ಬೇಕು, ಪಡೆಯಲಿಕ್ಕೆ ಬೇಡ ಎಂಬಂತಾದರೆ, ಎಷ್ಟು ಭಾಷಣ ಮಾಡಿದರೂ ಜನ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಸರ್ಕಾರದಿಂದ ಇದು ಸಾಧ್ಯವೇ ಎಂದು ಮೂಗು ಮುರಿಯುವವರು ಚೆನ್ನೈಯ ಸ್ಟ್ಯಾನ್ಲಿ ಸರ್ಕಾರಿ ಆಸ್ಪತ್ರೆಯನ್ನು ನೋಡಲಿ. 2009ರಿಂದ ಅಲ್ಲಿ ಯಕೃತ್ತಿನ ಜೋಡಣೆ ನಡೆದಿದೆ. ನಮ್ಮ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೂ ಇದಕ್ಕೆಂದೇ ಒಂದು ಸರ್ಕಾರಿ ಸಂಸ್ಥೆಯಿದೆ. ಬಡತನದ ರೇಖೆಯ ಕೆಳಗಿನವರಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ನೆರವಿನ ಯೋಜನೆಯೂ ಇದೆ. ಆದರೆ ಕಾರ್ಡಿಗೆ ಹೆಸರು ಸೇರುವಷ್ಟರಲ್ಲಿ ಕೂಸು ಸತ್ತರೆ ಯೋಜನೆ ಇದ್ದೂ ಇಲ್ಲದಂತೆ.

ಇನ್ನು ಕೆಲವರು ಬುದ್ಧಿವಂತಿಕೆಯ ಮಾತಾಡುತ್ತಾರೆ: ಕೊರತೆಯಿದ್ದರೆ ಬೆಲೆ ಕೊಟ್ಟು ಕೊಳ್ಳಲು ಬಿಡಿ, ಕೊಡುವ ಬಡವನಿಗೂ ನಾಲ್ಕು ಕಾಸು ಸಿಕ್ಕೀತು ಎಂದು. ಆ ಸಂತೆಯನ್ನು ನಾವು ನೋಡಿದ್ದೇವೆ. 1994ರ ಕಾನೂನಿಗೆ ಮೊದಲು ಮುಂಬೈ, ಚೆನ್ನೈ, ಬೆಂಗಳೂರುಗಳಲ್ಲಿ ಬಡವರ ಮೂತ್ರಪಿಂಡ ಬಹಿರಂಗವಾಗಿಯೇ ಮಾರಾಟವಾಗುತ್ತಿತ್ತು. ಮಾರಿದವನ ಸಾಲ ತೀರಲಿಲ್ಲ, ಮೈ ಮಾತ್ರ ಹೋಯಿತು, ದಳ್ಳಾಳಿಗಳು ಕೊಬ್ಬಿದರು. ಈಗ ಅಂಗ ಮಾರಾಟಕ್ಕೆ ಐದರಿಂದ ಹತ್ತು ವರ್ಷದ ಸಜೆ, ಇಪ್ಪತ್ತು ಲಕ್ಷದಿಂದ ಒಂದು ಕೋಟಿಯವರೆಗೆ ದಂಡ ಇದೆ. ಈ ಬೇಲಿ ಸಡಿಲವಾಗಬಾರದು.

ನಾವು ಮಾಡಬೇಕಾದದ್ದು, ಕೇಳಬೇಕಾದದ್ದು

ಮೊದಲು ನಮ್ಮ ಮನೆಯ ಕೆಲಸ. ಹುಟ್ಟಿದ ಮಗುವಿನ ಹಳದಿ ಎರಡು ವಾರ ಕಳೆದರೂ ಹೋಗದಿದ್ದರೆ, ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ, ಮೂತ್ರ ಬಟ್ಟೆಗೆ ಹಳದಿ ಕಲೆ ಹಿಡಿಸಿದರೆ, ಒಂದು ದಿನವೂ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಪಿತ್ತನಾಳ ಮುಚ್ಚಿದ ಮಗುವಿಗೆ ಜಪಾನಿನ ಮೊರಿಯೊ ಕಸಾಯ್ ಎಂಬ ವೈದ್ಯರು 1950ರ ದಶಕದಲ್ಲಿ ರೂಪಿಸಿದ ಒಂದು ಶಸ್ತ್ರಕ್ರಿಯೆ ಇದೆ. ಎರಡು ತಿಂಗಳೊಳಗೆ ಮಾಡಿದರೆ ಫಲ ಹೆಚ್ಚು. ಎಷ್ಟೋ ಮಕ್ಕಳಿಗೆ ಅದರಿಂದ ಜೋಡಣೆ ಮುಂದೆ ಹೋಗುತ್ತದೆ. ನಮ್ಮ ಕೇರಿಯ ಕೂಸಿಗೆ ಈ ಮಾತು ಹೇಳುವವರು ಯಾರೂ ಇರಲಿಲ್ಲ. ಹುಟ್ಟಿದೊಡನೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಕೊಡುವ ಹೆಪಟೈಟಿಸ್ ಬಿ ಲಸಿಕೆ ತಪ್ಪಿಸಬೇಡಿ. ಹೆಂಡ ಸಾರಾಯಿ ಯಕೃತ್ತನ್ನು ತಿನ್ನುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಅದರ ಸುಂಕದಿಂದ ಬೊಕ್ಕಸ ತುಂಬಿಸುವ ಸರ್ಕಾರಕ್ಕೂ ಗೊತ್ತಿದೆ.

ಅಂಗದಾನದ ವಿಷಯವನ್ನು ಮನೆಯವರ ಮುಂದೆ ಇಂದೇ ಆಡಿ. ಸಾವಿನ ಮಾತು ಅಪಶಕುನವೆಂದು ತಳ್ಳಬೇಡಿ. ಕೊನೆಗೆ ಒಪ್ಪಬೇಕಾದವರು ಅವರೇ. ನಿಮ್ಮ ಇಷ್ಟ ಅವರಿಗೆ ತಿಳಿದಿರಲಿ.

ಇನ್ನು ಸರ್ಕಾರವನ್ನು ಕೇಳಬೇಕಾದದ್ದು. ಒಂದು: ಐ.ಸಿ.ಯು. ಇರುವ ಪ್ರತಿ ಜಿಲ್ಲಾ ಆಸ್ಪತ್ರೆಯೂ ಅಂಗ ತೆಗೆಯುವ ಕೇಂದ್ರವಾಗಿ ನೋಂದಣಿಯಾಗಲಿ, ಮಿದುಳು ಸಾವನ್ನು ನಿರ್ಣಯಿಸುವ ವೈದ್ಯರ ಪಟ್ಟಿ ಅಲ್ಲಿರಲಿ, ಸಂಬಳದ ಮೇಲೆ ಒಬ್ಬ ಸಂಯೋಜಕ ಇರಲಿ. ಎರಡು: ರಾಜ್ಯದ ಪ್ರತಿ ವಿಭಾಗಕ್ಕೂ ಯಕೃತ್ತು ಜೋಡಿಸುವ ಒಂದು ಸರ್ಕಾರಿ ಆಸ್ಪತ್ರೆ ಬರಲಿ, ಶಸ್ತ್ರಕ್ರಿಯೆಯೂ ಆಮೇಲಿನ ಔಷಧಿಯೂ ಪುಕ್ಕಟೆಯಾಗಿರಲಿ, ಮಗುವಿನ ಪ್ರಾಣದ ಪ್ರಶ್ನೆಯಲ್ಲಿ ಕಾರ್ಡಿನ ವಿಚಾರಣೆ ಆಮೇಲಾಗಲಿ. ಮೂರು: ಒಳ್ಳೆಯ ಯಕೃತ್ತು ಬಂದಾಗ ಸೀಳಿ ಮಗುವಿಗೂ ಪಾಲು ಕೊಡಲು ಆಗುತ್ತದೆಯೇ ಎಂದು ನೋಡುವುದು ಇಟಲಿಯಂತೆ ಇಲ್ಲೂ ಕಡ್ಡಾಯವಾಗಲಿ. ನಾಲ್ಕು: ಬದುಕಿದ್ದು ಅಂಗ ಕೊಟ್ಟ ಪ್ರತಿಯೊಬ್ಬ ಕೂಲಿಗೂ, ಗುತ್ತಿಗೆಯವನಾಗಲಿ ಬೀಡಿ ಕಟ್ಟುವವಳಾಗಲಿ, ನೌಕರರಿಗಿರುವ ಆ 42 ದಿನದ ಕೂಲಿಯನ್ನು ಸರ್ಕಾರ ತುಂಬಿಕೊಡಲಿ.

ಇವುಗಳಲ್ಲಿ ಯಾವುದೂ ಆಕಾಶದ ಹಣ್ಣಲ್ಲ. ಮೊದಲನೆಯದಕ್ಕೆ ಹೊಸ ಕಾನೂನು ಬೇಡ, ಹೊಸ ಕಟ್ಟಡವೂ ಬೇಡ. ಈ ಬೇಡಿಕೆಗಳ ಮನವಿಯನ್ನು ಬರುವ ತಿಂಗಳು ಜಿಲ್ಲಾಧಿಕಾರಿಗಳಿಗೆ ಕೊಡುವುದಿದೆ. ಗಿರಣಿಯ ಗೇಟಿನ ಬಳಿ, ಪೇಟೆಯ ಅಂಗಡಿಗಳಲ್ಲಿ ಸಹಿಯ ಹಾಳೆ ಇಟ್ಟಿದ್ದೇವೆ. ಕೂಸಿನ ಚಿಕಿತ್ಸೆಗೆಂದು ಡಬ್ಬಿ ಇಟ್ಟಿದ್ದ ಅಂಗಡಿಗಳಲ್ಲೇ ಈಗ ಹಾಳೆಯೂ ಇದೆ. ಮೊದಲ ಸಹಿ ಆ ತಾಯಿಯದು. ಓದು ಬಾರದ ಆಕೆ ಹೆಬ್ಬೆಟ್ಟು ಒತ್ತಿದ್ದಾಳೆ. ಅದರ ಕೆಳಗೆ ನಿಮ್ಮದೂ ಬರಲಿ.